ರೇಡಿಯೋ ಬಾಯಿ ಮುಚ್ಚಿದ ನಲವತ್ತು ದಿನ

ಬೂದಿ ಬುಧವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಕ್ಷೌರಕ್ಕೆ ಬಂದಿದ್ದ ಅಂಚೆಯವನ ಹಣೆಗೆ ಗುರುಗಳು ಹಚ್ಚಿದ್ದ ಬೂದಿಯ ಶಿಲುಬೆಯನ್ನು, ಯಾರದೋ ಸಂಸಾರದ ಕಥೆ ಹೇಳುವ ಭರದಲ್ಲಿ, ಕ್ಷೌರಿಕ ಸೋಪಿನ ನೊರೆಯೊಂದಿಗೇ ಒದ್ದೆ ಟವೆಲ್ಲಿನಿಂದ ಒರೆಸಿಬಿಟ್ಟ. ಬೀದಿಯವರು ಅವನನ್ನು ರೇಡಿಯೋ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಮದುವೆ ಗೊತ್ತಾದದ್ದು ಹುಡುಗಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಕತ್ತಿನ ಹತ್ತಿರ ಕತ್ತಿ ಇರುವುದರಿಂದ ಕೂತವರು ಯಾರೂ ಎದುರಾಡುತ್ತಿರಲಿಲ್ಲ. "ಶಿಲುಬೆ ಒರೆಸಿದ್ದು ತಪ್ಪಾಯ್ತು, ಈಸ್ಟರ್ ತನಕ ಈ ತಪಸ್ಸುಕಾಲಕ್ಕೆ ಮಾಂಸ ಬಿಡ್ತೀನಿ ಕಣೇ," ಎಂದು ಸಂಜೆ ಕ್ಷೌರಿಕ ಹೆಂಡತಿಯ ಮುಂದೆ ಪ್ರಾಯಶ್ಚಿತ್ತ ಸಾರಿದರೆ ಅವಳು, "ಹಲ್ಲಿಲ್ಲದವರು ಮಾಂಸ ಬಿಡೋದೇನು ದೊಡ್ಡಸ್ತಿಕೆ? ನಲವತ್ತು ದಿನ ಅಂಗಡೀಲಿ ಬಾಯಿ ಮುಚ್ಚಿ ನೋಡೋಣ!" ಎಂದಳು. ಹಟಕ್ಕೆ ಬಿದ್ದು ಮುಚ್ಚಿದ. ಮೊದಲ ವಾರ ಹೊಟ್ಟೆ ಉಬ್ಬರಿಸಿತು, ತಿಂಡಿ ಸೇರಲಿಲ್ಲ, ಬಾಯಿಗೆ ಬಂದ ಸುದ್ದಿಯನ್ನೆಲ್ಲ ನೀರು ಕುಡಿದು ಒಳಗೆ ತಳ್ಳಿದ. ಅಂಗಡಿಯ ನಿಶ್ಶಬ್ದ ತಾಳಲಾರದೆ ಕುರ್ಚಿಯಲ್ಲಿ ಕೂತವರೇ ಮಾತಾಡತೊಡಗಿದರು. ನಾಲ್ಕನೆಯ ವಾರ ಮತ್ತೆ ಬಂದ ಅಂಚೆಯವನು ಕನ್ನಡಿಯನ್ನೇ ನೋಡುತ್ತ, "ಪ್ರತಿ ಸಲ 'ಮನೆಯವರನ್ನ ಕೇಳಿದೆ ಅಂತ ಹೇಳಿ' ಅಂತೀರಲ್ಲಣ್ಣ... ಅವಳು ದೂರದ ತವರಲ್ಲೇ ತೀರಿಕೊಂಡು ಎರಡು ವರ್ಷ ಆಯ್ತು. ಹೇಳೋಕೆ ನೀವು ಬಿಡುವೇ ಕೊಡಲಿಲ್ಲ," ಎಂದ. ಕೇಳಿದೆ ಕೇಳಿದೆ ಎಂದವನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಕ್ಷೌರಿಕ ಕತ್ತರಿ ಕೆಳಗಿಟ್ಟು ಅವನ ಹೆಗಲ ಮೇಲೆ ಕೈಯಿಟ್ಟ. ಈಸ್ಟರ್ ಹಬ್ಬದ ಮರುದಿನ ತಲೆ ಕೊಟ್ಟು ಕೂತ ಗುರುಗಳು, "ನಲವತ್ತು ದಿನದ ಮೌನದಲ್ಲಿ ಏನು ಕೇಳಿಸ್ತಪ್ಪಾ?" ಎಂದು ವಿಚಾರಿಸಿದರು. "ನನ್ನ ಕತ್ತರಿ ಕಿರುಗುಟ್ಟೋದು, ಫಾದರ್," ಎಂದ ಅವನು. "ಇಷ್ಟು ವರ್ಷ ಒಬ್ಬರಾದ್ರೂ ಹೇಳಬಾರದಿತ್ತಾ!"