ಹಿಮದ ಓಣಿಯಲ್ಲಿ ಕಬ್ಬಿನ ಗಾಡಿ

ಕಾಲ ಕೆಳಗಿನ ಹಿಮ ಜಾರಿದ್ದೇ ತಡ, ನಾನು ಹಿಂದಕ್ಕೆ ವಾಲಿದೆ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿದ್ದ ಸ್ಕೀ ಪಟ್ಟಿಗಳ ಹಿಡಿತ ತಪ್ಪಿತು. ಬೆನ್ನ ಮೇಲೆ ಬಿದ್ದು ಹತ್ತು ಮಾರು ಜಾರಿ, ಹೇಗೋ ನಿಂತೆ. ಎರಡು ಬಂಡೆಗಳ ನಡುವೆ ಗೋಡೆಯಂತೆ ಇಳಿದಿದ್ದ ಹಿಮದ ಓಣಿ ಅದು. ಯುಗಾದಿ ಮುಗಿದಿತ್ತು, ಬಿಸಿಲೇರಿದರೆ ಮೇಲಿನ ಹಿಮ ನಮ್ಮ ಮೇಲೇ ಕುಸಿಯುವ ಭಯ. ಎಂಬತ್ತರ ದಶಕದ ಕೊನೆ. ರಾಯಬಾಗ ಕಡೆಯ ನಾನು ಮಿಲ್ಟ್ರಿ ಸೇರಿ, ಹಿಮಾಲಯದಲ್ಲಿ ತರಬೇತಿಗೆ ಹೋಗಿದ್ದೆ.

ಮುಂದಕ್ಕೆ ಬಾಗು ಎಂದು ತರಬೇತಿ ಕೊಡುವ ಉಸ್ತಾದರು ತಿಂಗಳಿಡೀ ಹಿಂದಿಯಲ್ಲಿ ಬೈದಿದ್ದರು. ನನ್ನ ಮೈ ಕೇಳುತ್ತಿರಲಿಲ್ಲ. ಈಗ ನಮ್ಮ ತುಕಡಿಯ ಹವಾಲ್ದಾರರು, ನಮ್ಮ ಕಡೆಯ ಬೇಡಕಿಹಾಳದವರು, ಪಕ್ಕಕ್ಕೆ ಬಂದು ನಿಂತರು.

"ಊರಾಗ ಕಬ್ಬಿನ ಗಾಡಿ ಹೊಡದೀ ಏನು?"

"ಹೌದ್ರಿ. ಇಳಕಲಿನ್ಯಾಗ ಹಿಂದ ಸರದು ಕುಂಡ್ರಬೇಕ್ರಿ, ಇಲ್ಲಾಂದ್ರ ಎತ್ತಿನ ಹೆಗಲಿಗೆ ಭಾರ ಬೀಳತೈತಿ."

ಅವರು ನಕ್ಕರು. "ಇಲ್ಲಿ ಎತ್ತೂ ನೀನ ಅದೀಯೋ ತಮ್ಮಾ. ಭಾರ ಹೆಗಲಿಗೆ ತಗೊ, ನಡಿ."

ಎದೆ ಮುಂದೆ ಮಾಡಿದೆ. ಭಾರವೆಲ್ಲ ಮುಂದೆ ಬಂದದ್ದೇ ಪಟ್ಟಿಗಳು ಹಿಮ ಕಚ್ಚಿದವು, ತಿರುಗಿಸಿದತ್ತ ತಿರುಗಿದವು. ಕೆಳಗೆ ಮುಟ್ಟಿದಾಗ ನನ್ನ ತೊಡೆಗಳು ಗಡಗಡ ನಡುಗುತ್ತಿದ್ದವು.

ಮುಂದಿನ ಸುಗ್ಗಿಗೆ ರಜೆ ಮೇಲೆ ಬಂದಾಗ ಅಪ್ಪನ ಕಬ್ಬಿನ ಗಾಡಿ ಹಳ್ಳದ ಇಳಿಜಾರಿಗೆ ಬಂತು. ಹಿಂದೆ ಸರಿದು ಕೂರುವ ಬದಲು ನಾನು ಕೆಳಗಿಳಿದು ಎತ್ತುಗಳ ಜೊತೆ ನಡೆದೆ. "ಯಾಕಲೇ?" ಅಂದ ಗಾಡಿಯ ಮೇಲಿದ್ದ ಅಪ್ಪ. ನಾನು ಎತ್ತಿನ ತೊಡೆ ನೋಡುತ್ತಿದ್ದೆ. ಅದೂ ನಡುಗುತ್ತಿತ್ತು.