ವೀರಪ್ಪನವರ ಪರದೆಗೆ ಬಂದ ಮುಖ

ಕಂಪ್ಯೂಟರಿಗೆ ದೆವ್ವ ಮೆಟ್ಟಿಕೊಂಡಿದೆ ಎಂದು ಫೋನ್ ಮಾಡುವವರು ನನಗೆ ಬೇಕಾದಷ್ಟು ಜನ ಸಿಕ್ಕಿದ್ದಾರೆ. ತಾನೇ ಆಫ್ ಆಗುತ್ತದೆ, ತಾನೇ ಆನ್ ಆಗುತ್ತದೆ, ಯಾರೂ ಮುಟ್ಟದೆ ಬಾಣದ ಗುರುತು ಓಡಾಡುತ್ತದೆ ಅನ್ನುತ್ತಾರೆ. ಹೋಗಿ ಡಬ್ಬ ಬಿಚ್ಚಿದರೆ ಒಳಗೆ ಸಿಗುವುದು ಧೂಳು, ಜಿರಲೆ, ಸಡಿಲವಾದ ಒಂದು ವೈರು. ಇಷ್ಟಕ್ಕೆಲ್ಲ ಪಾಪ ದೆವ್ವದ ಹೆಸರು ಯಾಕೆ ಕೆಡಿಸುತ್ತೀರಿ ಎಂದು ರೇಗಿಸಿ ಬರುತ್ತಿದ್ದೆ. ದೇವರ ವಿಷಯದಲ್ಲೂ ನನ್ನದು ಅಷ್ಟಕ್ಕಷ್ಟೆ. ಹಬ್ಬಕ್ಕೆ ಕೈ ಮುಗಿಯುತ್ತೇನೆ, ಒಬ್ಬಟ್ಟು ತಿನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಇಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದೇನೂ ಇಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಹತ್ತು ವರ್ಷದ ಮೇಲಾಯಿತು. ಆಗ ಗೆಳೆಯ ಮಂಜು ಮತ್ತು ನಾನು ಸೇರಿ ಕೊಡಿಗೇಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆವು. ಅನುಕೂಲಸ್ಥರೆಲ್ಲ ತೆಳ್ಳನೆಯ ಮಾನಿಟರ್ ಕೊಳ್ಳತೊಡಗಿದ್ದ ಕಾಲ ಅದು. ದಪ್ಪ ಬೆನ್ನಿನ ಹಳೇ ಮಾನಿಟರ್‌ಗಳನ್ನು ಬಿಡಲಾಗದವರು ನಮ್ಮಲ್ಲಿಗೆ ಬರುತ್ತಿದ್ದರು. ಅವರಲ್ಲಿ ವೀರಪ್ಪನವರೂ ಒಬ್ಬರು. ಗದಗಿನ ಕಡೆಯವರು, ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೆಷಿನ್ ನಡೆಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಅಟ್ಟೂರಿನಲ್ಲಿ ಮಗಳು ಸುವರ್ಣಾ ಮತ್ತು ಅಳಿಯನ ಜೊತೆಗಿದ್ದರು. ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಅವರ ಮಾತು ಮಾತ್ರ ಗದಗು ಬಿಟ್ಟು ಈಚೆಗೆ ಬಂದಿರಲಿಲ್ಲ.

ನಾನು ಮೊದಲ ಸಲ ಅವರ ಮನೆಗೆ ಹೋಗಿದ್ದು ದಸರಾಕ್ಕೆ ಸ್ವಲ್ಪ ಮುಂಚೆ. ಕ್ರಿಕೆಟ್ ನೋಡಲೆಂದು ಅಳಿಯ ಕಂಪ್ಯೂಟರಿಗೆ ಒಂದು ಟೀವಿ ಕಾರ್ಡ್ ಹಾಕಿಸಿದ್ದ. ಅದಕ್ಕೂ ಡಿಸ್‌ಪ್ಲೇ ಕಾರ್ಡಿಗೂ ಜಗಳ ಹತ್ತಿಕೊಂಡಿತ್ತು. ಒಂದೇ ನಲ್ಲಿಗೆ ಇಬ್ಬರು ಬಿಂದಿಗೆ ಹಿಡಿದ ಹಾಗೆ, ಇಬ್ಬರಿಗೂ ನೀರಿಲ್ಲ. ಪರದೆಯ ಬಣ್ಣವೆಲ್ಲ ಕಲಸಿಹೋಗಿತ್ತು. ಟೀವಿ ಕಾರ್ಡನ್ನು ಬೇರೆ ಸ್ಲಾಟಿಗೆ ಬದಲಿಸಿ, ಅದರ ಡ್ರೈವರ್ ಸಾಫ್ಟ್‌ವೇರ್ ಮತ್ತೆ ಹಾಕಿದೆ. ಬಣ್ಣ ವಾಪಸ್ ಬಂದಾಗ ಪರದೆಯ ತುಂಬ ಒಬ್ಬ ಹೆಂಗಸಿನ ಫೋಟೋ ಇತ್ತು. ಹಸಿರು ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಕ್ಯಾಮೆರಾ ಕಡೆ ನೋಡದೆ ಎಡಕ್ಕೆ ಮುಖ ತಿರುಗಿಸಿ ಯಾರನ್ನೋ ಗದರುತ್ತಿದ್ದ ಹಾಗಿತ್ತು.

ವೀರಪ್ಪನವರು ಹಿಂದೆ ನಿಂತು ಹೆಂಡತಿಯನ್ನೇ ನೋಡುತ್ತಿದ್ದರು. "ಆಕಿ ಒಂದ್ ಫೋಟೋದಾಗೂ ನೆಟ್ಟಗ ನೋಡಿದಾಕಿ ಅಲ್ರಿ. ನೋಡ ಅಂದ್ರ ನಾಚಿಕಿ," ಎಂದರು. ಪ್ರಿಂಟ್ ಹಾಕಿಸಿ ಗೋಡೆಗೆ ಹಾಕಬಹುದಲ್ಲ ಸಾರ್ ಎಂದೆ. ಅವರು ಒಪ್ಪಲಿಲ್ಲ. "ಗ್ವಾಡಿಗೆ ಹಾಕಿದ್ರ ಮಾಲಿ ಹಾಕ್ತಾರ. ಮಾಲಿ ಹಾಕಿದ್ರ ಮುಗೀತಲ್ರಿ. ಇಲ್ಲೆ ಇದ್ರ ಹಂಗ ಇರ್ತಾಳ." ದಿನಾ ಸಂಜೆ ಕಂಪ್ಯೂಟರ್ ಹಾಕಿ, ಅದರ ಮುಂದೆ ಚಹಾ ಕುಡಿದು, ಆಫ್ ಮಾಡುತ್ತಾರಂತೆ. ಬೇರೆ ಕೆಲಸಕ್ಕೆ ಅದನ್ನು ಮುಟ್ಟುವುದಿಲ್ಲವಂತೆ. ಮಗಳೇ ನಗುತ್ತ ಹೇಳಿದಳು.

ಆಯುಧಪೂಜೆ ಬಂತು. ಅಂದು ಬೆಳಿಗ್ಗೆ ಅಂಗಡಿ ತೊಳೆದು, ರಿಪೇರಿಗೆ ಬಂದಿದ್ದ ಮಾನಿಟರ್‌ಗಳನ್ನೆಲ್ಲ ಸಾಲಾಗಿ ಇಟ್ಟು ವಿಭೂತಿ ಬಳಿದು ಕುಂಕುಮ ಇಟ್ಟೆ. ಸ್ಕ್ರೂಡ್ರೈವರ್, ಮೀಟರ್, ಬೆಸುಗೆ ಕಡ್ಡಿ ಎಲ್ಲವೂ ದೇವಿಯ ಪಟದ ಮುಂದೆ. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ, ಅದು ಎಲ್ಲ ಮೆಕ್ಯಾನಿಕ್‌ಗಳೂ ನಡೆಸಿಕೊಂಡು ಬಂದ ಪದ್ಧತಿ. ನಂಬಿಕೆ ಇಲ್ಲದ ನಾನೂ ಅದನ್ನು ಮುರಿದವನಲ್ಲ. ಬಾಗಿಲಲ್ಲಿ ಕುಂಬಳಕಾಯಿ ಒಡೆದು ಮನೆಗೆ ಹೋದೆ.

ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ವೀರಪ್ಪನವರ ಫೋನ್ ಬಂತು. ಮನೆಯವರೆಲ್ಲ ಅಳಿಯನ ಕಾರ್ಖಾನೆಯ ಪೂಜೆಗೆ ಹೋಗಿದ್ದರು, ಇವರೊಬ್ಬರೇ ಇದ್ದರು. "ಪರದೆ ಕರ್ರಗ ಆಗೇತ್ರಿ. ನಡುವ ಏನೋ ಇಂಗ್ಲೀಷ್ ಅಕ್ಷರ ಬಂದು ಹೋಗ್ತಾವ. ಆಕಿ ಕಾಣವಲ್ಲಳು," ಎಂದರು. ದನಿಯಲ್ಲಿ ಗಾಬರಿ ಇತ್ತು. ಮಾನಿಟರ್ ತಡೆಯಲಾರದ ರೆಸಲ್ಯೂಷನ್, ಅಂದರೆ ಚಿತ್ರದ ಅಳತೆ, ಯಾರೋ ಇಟ್ಟಿದ್ದಾರೆ, ಅಳಿಯನದೇ ಕೆಲಸ ಎಂದುಕೊಂಡೆ. ಇವತ್ತು ಸಾಮಾನು ಮುಟ್ಟುವ ಹಾಗಿಲ್ಲ, ಫೋನಿನಲ್ಲೇ ಹೇಳ್ತೀನಿ, ಸ್ಪೀಕರ್ ಹಾಕಿ ಪಕ್ಕಕ್ಕಿಡಿ ಸಾರ್ ಎಂದೆ.

ನಾನು ಹೇಳಿದಂತೆ ಅವರು ಮಾಡುತ್ತ ಹೋದರು. ಆಫ್ ಮಾಡಿ ಆನ್ ಮಾಡಿದರು, ಮೇಲಿನ ಸಾಲಿನ ಎಫ್ ಎಂಟು ಕೀಲಿಯನ್ನು ಒತ್ತುತ್ತಲೇ ಇದ್ದರು. ಬಂದ ಪಟ್ಟಿಯ ಒಂದೊಂದು ಸಾಲನ್ನೂ ಇಂಗ್ಲೀಷ್ ಅಕ್ಷರ ಕೂಡಿಸಿ ಓದಿ ಹೇಳಿದರು. ವಿ, ಜಿ, ಎ ಎಂದು ಓದಿದಾಗ ಅದೇ ಸಾರ್, ಎಂಟರ್ ಒತ್ತಿ ಎಂದೆ. ಅದು ಅತಿ ಕಡಿಮೆ ರೆಸಲ್ಯೂಷನ್ನಿನಲ್ಲಿ ಪರದೆ ತೆರೆಯುವ ವಿಧಾನ. ಎಲ್ಲವೂ ದೊಡ್ಡದಾಗಿ, ಒರಟಾಗಿ ಕಾಣುತ್ತದೆ, ಆದರೆ ಕಾಣುವುದಂತೂ ಖಂಡಿತ.

ಎಂಟರ್ ಒತ್ತಿದ ಸದ್ದು ಕೇಳಿಸಿತು. ಆಮೇಲೆ, "ಬಂತ್ ನೋಡ್ರಿ!" ಎಂದರು. "ಅಯ್ಯ ಶಿವನ, ಎಷ್ಟ್ ಹತ್ರ ಬಂದಾಳ್ರಿ! ಎರಡೂ ಕಡಿ ಮೂಗುಬಟ್ಟ ಕಾಣಾಕತ್ತಾವ. ನನ್ನ ಕಡೆನ ನೋಡಾಕತ್ತಾಳ್ರಿ."

ನನಗೆ ಅದು ತಲೆಗೇ ಹೋಗಲಿಲ್ಲ. ಮುದುಕರಿಗೆ ಖುಷಿಯಾಗಿದೆ ಎಂದಷ್ಟೇ ತಿಳಿದೆ. ಇನ್ನೂ ಮುಗಿದಿಲ್ಲ ಸಾರ್, ಸೆಟಿಂಗ್ಸ್ ಸರಿ ಮಾಡಬೇಕು ಎಂದೆ. "ಹಿಂಗ ಇರ್ಲಿ ಬಿಡ್ರಿ," ಎಂದರು. ಹಾಗೆಲ್ಲ ಬಿಡಬಾರದು, ಅಕ್ಷರ ದಪ್ಪ ದಪ್ಪ ಇರುತ್ತೆ, ಕಣ್ಣಿಗೆ ಒಳ್ಳೇದಲ್ಲ ಎಂದು ನಾನೇ ಜೋರು ಮಾಡಿದೆ. ಅರೆಬರೆ ಕೆಲಸ ಬಿಟ್ಟು ಏಳುವ ಸ್ವಭಾವ ನನ್ನದಲ್ಲ, ಅದೊಂದು ಹಾಳು ಜಂಭ. ಅವರು ಪಾಪ ಮೌಸ್ ಹಿಡಿದು ಒಂದೊಂದೇ ಹೆಜ್ಜೆ ಮಾಡಿದರು. ಕೊನೆಗೆ, "ಇದನ್ನ ಹಿಂಗ ಇಡ್ಲೇನು ಅಂತ ಕೇಳಾಕತ್ತೈತಿ. ಏನ್ ಒತ್ಲಿ?" ಎಂದರು. ಎಸ್ ಒತ್ತಿ ಸಾರ್ ಎಂದೆ.

"ಹೋತ್ರಿ," ಎಂದರು. ಅಷ್ಟೇ. ಫೋನ್ ಕಟ್ ಆಯಿತು.

ಮಾರನೆಯ ದಿನ ಅಂಗಡಿ ತೆಗೆದು ಸಾಮಾನು ಎತ್ತಿಡುವಾಗ, ಸಾಲಿನ ಕೊನೆಯಲ್ಲಿದ್ದ ಮಾನಿಟರ್ ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಯಾರದೋ ಇದು ಎಂದು ಮಂಜುವನ್ನು ಕೇಳಿದೆ. "ಅಟ್ಟೂರು ತಾತಂದು ಗುರು. ಅದುರ್ತಾ ಇದೆ ಅಂತ ಅವ್ರ ಮಗಳು ಫೋನ್ ಮಾಡಿದ್ರು, ಮೊನ್ನೆ ಸಂಜೆನೇ ಹೋಗಿ ತಂದೆ. ನೀನು ಹೂವು ತರೋಕೆ ಯಶವಂತಪುರಕ್ಕೆ ಹೋಗಿದ್ದೆ, ಹೇಳೋಕೆ ಮರ್ತೋಯ್ತು," ಎಂದ. ಮೊನ್ನೆ ಸಂಜೆ. ಅಂದರೆ ಪೂಜೆಯ ಹಿಂದಿನ ದಿನ. ಹಬ್ಬದ ಬೆಳಿಗ್ಗೆ ನಾನೇ ನನ್ನ ಕೈಯಾರೆ ಅದಕ್ಕೆ ವಿಭೂತಿ ಬಳಿದಿದ್ದೆ.

ಮಾನಿಟರಿನ ದೋಷ ಸರಿಪಡಿಸಿ, ಅದನ್ನು ಎತ್ತಿಕೊಂಡು ಅಟ್ಟೂರಿಗೆ ಹೋದೆವು. ಮನೆಯಲ್ಲಿ ಬೇರೆ ಮಾನಿಟರ್ ಇರಲಿಲ್ಲ, ನಾನೇ ಹುಡುಕಿದೆ. ಮೇಜಿನ ಮೇಲೆ ಕೀಬೋರ್ಡು, ಮೌಸು ಇದ್ದವು, ಮಾನಿಟರ್ ಇದ್ದ ಜಾಗದಲ್ಲಿ ಧೂಳಿಲ್ಲದ ಚೌಕ. ಕೆಳಗೆ ಸಿಪಿಯು ಇನ್ನೂ ಆನ್ ಇತ್ತು, ಮುಟ್ಟಿದರೆ ಬಿಸಿ. ಅಪ್ಪ ಹೇಳಿದ್ದನ್ನು ಕೇಳಿ ಸುವರ್ಣಾ ಕಂಗಾಲಾಗಿದ್ದಳು. "ಅಪ್ಪಾ, ನಿನ್ನೆ ಮಾನಿಟರೇ ಇರ್ಲಿಲ್ವಲ್ಲಪ್ಪ," ಎಂದಳು. ಅವರು ಶಾಂತವಾಗಿ, "ಇತ್ತಲ್ಲವಾ. ಬೇಕಾದ್ರ ಇವ್ರನ್ನ ಕೇಳು," ಎಂದರು. ಅವಳು ನನ್ನ ಮುಖ ನೋಡಿದಳು. ಫೋನಿನಲ್ಲಿ ಮಾತಾಡಿದ್ದು ನಿಜ ಎಂದಷ್ಟೇ ಹೇಳಿದೆ.

ವೈರು ಸಿಕ್ಕಿಸಿದೆ. ರೆಸಲ್ಯೂಷನ್ ನಾನು ಫೋನಿನಲ್ಲಿ ಹೇಳಿದ ಅಳತೆಯಲ್ಲೇ ಇತ್ತು. ನನ್ನ ಮಾತು ಕೇಳಿಕೊಂಡು ಕೀಲಿ ಒತ್ತಿದರು ಎನ್ನಬಹುದು. ಆದರೆ ಮೌಸ್ ಹಿಡಿದು ರೆಸಲ್ಯೂಷನ್ ಬದಲಿಸುವ ಗುಬುಟನ್ನು ಪರದೆಯಲ್ಲಿ ಸರಿಯಾದ ಜಾಗಕ್ಕೆ ಜರುಗಿಸಲು ಕಣ್ಣಿಗೆ ಕಾಣಲೇಬೇಕು. ಆ ಸಾಲುಗಳನ್ನು ಅವರು ಎಲ್ಲಿಂದ ಓದಿದರು? ಫೋಟೋ ಎಂದಿನಂತೆಯೇ ಇತ್ತು. ಹಸಿರು ಸೀರೆ, ಎಡಕ್ಕೆ ತಿರುಗಿದ ಮುಖ, ಮೂಗುಬಟ್ಟು ಕಾಣುತ್ತಿದ್ದುದು ಒಂದೇ ಕಡೆಯದು. ವೀರಪ್ಪನವರು ಬಗ್ಗಿ ನೋಡಿ, "ಇದಲ್ರಿ. ನಿನ್ನಿ ಬಂದಿದ್ದು ಬ್ಯಾರೆ. ಅದನ್ನ ತರ್ರಿ," ಎಂದರು.

ಅದನ್ನು ಎಲ್ಲಿಂದ ತರಲಿ? ಆ ಡಿಸ್ಕಿನಲ್ಲಿದ್ದುದು ಅದೊಂದೇ ಫೋಟೋ. ಆಮೇಲೆ ಎಷ್ಟೋ ಸಲ ಹೋದೆ. ರೆಸಲ್ಯೂಷನ್ ಇಳಿಸಿದೆ, ಬಣ್ಣ ಕಡಿಮೆ ಮಾಡಿದೆ, ಅದೇ ಎಫ್ ಎಂಟು, ಅದೇ ಸಾಲು. ಮುಖ ದೊಡ್ಡದಾಗುತ್ತಿತ್ತು, ತಿರುಗುತ್ತಿರಲಿಲ್ಲ. ಒಂದು ಸಲ ಅವರೇ ಬೇಡಿಕೊಂಡರೆಂದು ಮಾನಿಟರನ್ನೂ ತೆಗೆದಿಟ್ಟು, ನಾನು ಹೊರಗೆ ಹೋಗಿ ಫೋನಿನಲ್ಲಿ ಹೇಳಿದ್ದಾಯಿತು. ನೀವು ನಗಬಹುದು. "ಬರವಲ್ಲಳ್ರಿ," ಎಂದು ಒಳಗಿನಿಂದ ದನಿ ಬಂತು, ಅಷ್ಟೇ. ಮೊದಲು ದಿನಾ ಸಂಜೆ ಅವರಿಗೆ ಸಾಕಾಗುತ್ತಿದ್ದ ಫೋಟೋ ಈಗ ಸಾಕಾಗುತ್ತಿರಲಿಲ್ಲ. ಚಹಾ ತಣ್ಣಗಾಗುವವರೆಗೂ ಕಾಯುತ್ತಾರೆ, ಆಮೇಲೆ ಆಫ್ ಮಾಡಿ ಎದ್ದುಬಿಡುತ್ತಾರೆ ಎಂದು ಸುವರ್ಣಾ ಹೇಳಿ ಅತ್ತಳು.

ಬೇಸಿಗೆಯ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದು ಮಾತು ಕೇಳಿದರು. "ಅವತ್ತ ಇದನ್ನ ಹಿಂಗ ಇಡ್ಲೇನು ಅಂತ ಕೇಳ್ತಲ್ರಿ. ನಾ ಏನೂ ಒತ್ತದ ಸುಮ್ಮ ಕುಂತಿದ್ರ ಏನಾಗ್ತಿತ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಬಾಯಿಗೆ ಬಂದದ್ದು ನಿಜವೇ. ಏನೂ ಒತ್ತದಿದ್ದರೆ ಸ್ವಲ್ಪ ಹೊತ್ತು ಕಾದು, ಪರದೆ ತಾನಾಗಿಯೇ ಮೊದಲಿನ ಹಾಗೆ, ಅವರು ಹತ್ತಿರ ಕಂಡಾಗ ಇದ್ದ ಹಾಗೆಯೇ, ಆಗುತ್ತಿತ್ತು ಸಾರ್ ಎಂದೆ.

ಅವರು ತಲೆ ಆಡಿಸಿದರು. "ನೀವ್ ಎಸ್ ಅಂದ್ರಲ್ಲ, ಅದಕ್ಕ ಒತ್ತಿದ್ನಿ," ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ನನ್ನ ಕೈ ತಟ್ಟಿ ಮಗ್ಗುಲು ತಿರುಗಿದರು. ಅದೇ ವಾರ ತೀರಿಕೊಂಡರು.

ಅವತ್ತು ಆ ಖಾಲಿ ಮೇಜಿನ ಮೇಲೆ ಏನು ಬಂದಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದದ್ದನ್ನು ಕಳಿಸಿದವನು ಮಾತ್ರ ನಾನೇ.