ಸೂಗಮ್ಮ ಹೊತ್ತೊಯ್ದ ನೀರು

ನನ್ನ ಮಗಳ ಮೈಮೇಲಿಂದ ಇಳಿದ ನೀರನ್ನು ಸೂಗಮ್ಮ ಎಲ್ಲಿಗೆ ಒಯ್ಯುತ್ತಾಳೆ ಎಂಬ ಚಿಂತೆ ನನ್ನನ್ನು ಬಿಡಲೊಲ್ಲದಾಗಿತ್ತು. ಹಾಲು ಕಾಯಿಸುವಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ಕಲಬುರಗಿಯಲ್ಲಿ ಓದಿ, ಮದುವೆಯಾಗಿ ಸುರಪುರಕ್ಕೆ ಬಂದವಳು ನಾನು; ಮಾಟ, ಮಂತ್ರ ನಂಬುವವಳಲ್ಲ. ಆದರೂ ಅತ್ತೆ ಚಂದಮ್ಮ ಆಡಿದ ಮಾತು ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

“ಎಳೀ ಕೂಸಿನ ನೀರ ಹೊಸ್ತಿಲಾ ದಾಟಬಾರದು. ಆಕಿ ಕೊಡಾ ತುಂಬ್ಕೊಂಡು ಹೊಂಟಾಳ, ನೀ ಸುಮ್ಮ ನೋಡ್ಕೊತ ಕುಂದ್ರತಿ ಏನಬೇ?”

ನಮ್ಮ ಕಡೆ ಬಾಣಂತಿಯರಿಗೆ, ಕೂಸುಗಳಿಗೆ ನೀರೆರೆಯುವವಳು ಸೂಗಮ್ಮ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಸೀರೆ ಮೇಲಕ್ಕೆ ಸಿಕ್ಕಿಸಿ, ಕೂಸನ್ನು ಕಣಕಾಲುಗಳ ಮೇಲೆ ಬೋರಲು ಹಾಕಿಕೊಂಡಳೆಂದರೆ ಅದು ಅಳುವುದನ್ನೇ ಮರೆಯುತ್ತಿತ್ತು. ಅವಳ ಅತ್ತೆ ಕಲಿಸಿದ ಕೆಲಸವಂತೆ. ಕಲ್ಲು ಒಡೆಯುತ್ತಿದ್ದ ಗಂಡ ಮಲ್ಕಪ್ಪ ದಮ್ಮು ಹತ್ತಿ ಸತ್ತ ಮೇಲೆ ಅದೇ ಅವಳ ಹೊಟ್ಟೆಪಾಡು. ರಸ್ತೆಯಲ್ಲಿ ಬಿಗುಮಾನದಿಂದ ಹೋಗುವ ಯಾರನ್ನಾದರೂ ತೋರಿಸಿ, “ಆ ಮೂಗು ನೋಡ್ರಿ ಅಕ್ಕಾರ, ನಾನೇ ಎಣ್ಣಿ ಹಚ್ಚಿ ತಿದ್ದಿದ್ದು. ಈಗ ನನ್ನ ಮುಂದನ ಅದನ್ನ ಏರಿಸ್ಕೊಂಡು ಹೋಗ್ತಾನ” ಎನ್ನುತ್ತಿದ್ದಳು.

ಈ ಬೇಸಿಗೆಯಲ್ಲಿ ನೀರು ಬರುವ ದಿನಗಳು ದೂರ ದೂರವಾದವು. ಆಟೋಕ್ಕೆ ಮೈಕು ಕಟ್ಟಿಕೊಂಡು ಬಂದವರು, ನದಿ ಇಳಿದಿದೆ, ಇನ್ನು ವಾರಕ್ಕೊಮ್ಮೆ ನೀರು, ಹಿತಮಿತವಾಗಿ ಬಳಸಿ ಎಂದು ಕೂಗಿ ಹೋದರು. ನಾನು ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ ನೆನೆಹಾಕಿದೆ, ಬಟ್ಟೆ ಜಾಲಿಸಿದ್ದನ್ನು ಪಾಯಖಾನೆಗೆ ತೆಗೆದಿಟ್ಟೆ. ಅತ್ತೆಯ ಉಪಾಯ ಬೇರೆ. ನಳ ಬಂದ ಕೂಡಲೇ ಮೋಟಾರು ಹಚ್ಚಿ, ಪೈಪಿನಲ್ಲಿದ್ದದ್ದನ್ನೆಲ್ಲ ಎಳೆದು ಟಾಕಿ ತುಂಬಿಸುತ್ತಿದ್ದರು. ಸೂಗಮ್ಮನ ಮನೆ ಗುಡ್ಡದ ಬದಿಗೆ, ಎತ್ತರದಲ್ಲಿ.

“ನಿಮ್ಮ ಮೋಟಾರ ಒದರಿತಂದ್ರ ನಮ್ಮ ನಳಾ ಮಕ್ಕೊಂತದರಿ,” ಎಂದಳು ಒಮ್ಮೆ, ನಗುತ್ತಲೇ.

“ಮತ್ತ ನೀನೂ ಒಂದ ಮೋಟಾರ ತಗೋ,” ಎಂದರು ಅತ್ತೆ.

“ತಗೋತೀನ್ರಿ ಅವ್ವಾರ. ಎರದದ್ದಕ್ಕ ಸೀರಿ ಕೊಡಸ್ತೀನಂದೀರಲ್ಲ, ಮದಲ ಅದು ಬರ್ಲಿ.”

ಅದಾದ ಮೇಲೆಯೇ ಅವಳು ಕಾಲ ಕೆಳಗೆ ಅಗಲದ ಪ್ಲಾಸ್ಟಿಕ್ ಪುಟ್ಟಿ ಇಟ್ಟುಕೊಳ್ಳತೊಡಗಿದ್ದು. ಕೂಸಿಗೆ ಸೋಪು ಬೇಡ, ಕಡಲೆಹಿಟ್ಟು ಸಾಕು ಎಂದಳು. ಹಳೆಯ ಕಾಲದವಳು ಎಂದುಕೊಂಡು ಸುಮ್ಮನಾದೆ. ಎರೆದಾದ ಮೇಲೆ ಪುಟ್ಟಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬಿಕೊಳ್ಳುತ್ತಿದ್ದಳು. ಏನು ಮಾಡುತ್ತಿ ಎಂದರೆ, “ಭಾಂಡೆ ತಿಕ್ಕಾಕ್ರಿ” ಎಂಬ ಉತ್ತರ. ಪಾತ್ರೆ ತಿಕ್ಕುವ ನೀರನ್ನು ಯಾರಾದರೂ ಸೋಸುತ್ತಾರೆಯೇ?

ಒಂದು ದಿನ ಸೂಗಮ್ಮ ಬರಲಿಲ್ಲ. ಮರುದಿನವೂ ಇಲ್ಲ. ಮಗಳನ್ನು ಅತ್ತೆಯ ಕೈಗೆ ಕೊಟ್ಟು ಗುಡ್ಡದ ಓಣಿ ಹತ್ತಿದೆ.

ಬಾಗಿಲ ಪಕ್ಕದಲ್ಲೇ ಆ ಕೊಡ ಇತ್ತು. ಒಳಗೆ ಹೊರಸಿನ ಮೇಲೆ ಅವಳ ಮಗಳು ದಾನೇಶ್ವರಿ. ದೇವಾಪುರದ ಗಂಡನ ಮನೆಯಿಂದ ಹೆರಿಗೆಗೆಂದು ಬಂದಿದ್ದಳಂತೆ. ಪಕ್ಕದಲ್ಲಿ ಇನ್ನೂ ಹಸಿಗೂಸು. ಮನೆಯಲ್ಲಿ ಬಾಣಂತಿ ಇದ್ದಾಳೆಂದು ಸೂಗಮ್ಮ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಮೈಲಿಗೆ ಎಂದು ಅತ್ತೆ ಅವಳನ್ನು ಹೊಸ್ತಿಲೊಳಗೆ ಸೇರಿಸುತ್ತಿರಲಿಲ್ಲ.

ಕೂಸಿನ ಹೊಕ್ಕಳ ಸುತ್ತ ಕೆಂಪಗೆ ಬಾತು ಕೀವು ಒಸರುತ್ತಿತ್ತು. ಮೈ ಸುಡುತ್ತಿತ್ತು. ದಾನೇಶ್ವರಿ ಮೊಲೆಗೆ ಹಿಡಿದರೆ ಅದು ಬಾಯಿಯನ್ನೇ ತೆರೆಯಲಿಲ್ಲ.

“ನಮ್ಮ ಮನಿ ನೀರಾಗ ಎರದಿ ಏನ?” ಎಂದೆ.

“ಮತ್ತ ಯಾವ ನೀರಾಗ ಎರೀಲಿ ಅಕ್ಕಾರ? ಕಾಯ್ಸೇ ಎರದೀನಿ. ಕೂಸು ಮಿಂದ ನೀರ ಏನ ಹೊಲಸಂತ ತಿಳದೆ.”

“ಒಂದ ಕೊಡ ಚಲೋ ನೀರ ಕೇಳಬಾರದಿತ್ತ?”

“ಅವ್ವಾರನ್ನ ಕೇಳಿದ್ದೆರಿ. ನಮಗನ ಇಲ್ಲ ಅಂದ್ರು.”

ಆಸ್ಪತ್ರೆಗೆ ಹೊರಡು ಎಂದರೆ ಕದಲಲಿಲ್ಲ. “ಅರಿಷಿಣ ಹಚ್ಚೀನಿ, ಇಳಿತದ. ಎರಿಯಾಕಿ ಮನ್ಯಾಗನ ಕೂಸಿಗೆ ಕೀವ ಹಿಡದದಂದ್ರ, ನಾಳಿ ಯಾರ ತಮ್ಮ ಕೂಸಿನ್ನ ನನ್ನ ಕಾಲಮ್ಯಾಲ ಹಾಕ್ತಾರ? ಯಾರ ಮುಂದೂ ಅನಬ್ಯಾಡ್ರಿ. ನಿಮ್ಮ ಕೂಸಿನ ಆಣಿ ಅದ.”

ನಾನು ಏಳುವಾಗ ದಾನೇಶ್ವರಿಯ ಕೈ ನನ್ನ ಸೆರಗನ್ನು ಹಿಡಿದಿತ್ತು, ಬಿಡಿಸಿಕೊಂಡೇ ಬರಬೇಕಾಯಿತು.

ಮನೆಗೆ ಬಂದಾಗ ನಳ ಬಂದಿತ್ತು, ಮೋಟಾರು ಒದರುತ್ತಿತ್ತು. “ಆ ನೀರ ಏನ ಮಾಡ್ತಾಳಂತ?” ಅತ್ತೆ ಕೇಳಿದರು.

“ಕೂಸಿಗೆ ಎರಿತಾಳ್ರಿ,” ಎಂದು ಮೋಟಾರು ಆರಿಸಿದೆ. ನಮ್ಮದು ನಿಂತ ಮೇಲೆ ಅಕ್ಕಪಕ್ಕದ ಮನೆಗಳ ಮೋಟಾರುಗಳ ಸದ್ದು ಕೇಳಿಸತೊಡಗಿತು.

ಮಗಳ ಅಂಗಿ ಸರಿಸಿ ಹೊಕ್ಕಳು ನೋಡಿದೆ. ಒಣಗಿ, ಚೆಂದವಾಗಿ ಒಳಗೆ ಹೋಗಿತ್ತು. ಸೂಗಮ್ಮನ ಕೈಯಲ್ಲೇ ಒಣಗಿದ್ದು. ಆಣೆ ಇಟ್ಟದ್ದೂ ಇದೇ ಮಗಳ ಮೇಲೆ. ಫೋನು ಹಿಡಿದುಕೊಂಡೆ, ಕೆಳಗಿಟ್ಟೆ, ಮತ್ತೆ ಹಿಡಿದುಕೊಂಡೆ. ಬಾಯಿ ತೆರೆಯದ ಆ ಕೂಸು ಕಣ್ಣ ಮುಂದಿನಿಂದ ಹೋಗಲಿಲ್ಲ. ಅಂಬುಲೆನ್ಸಿಗೆ ಫೋನು ಹಚ್ಚಿದೆ.

ಕೂಸಿಗೆ ಏನಾಗಿದೆ ಎಂದು ಹೇಳಿ ಮುಗಿಸಿದ ಮೇಲೆ ಆ ಕಡೆಯವನು ಕೇಳಿದ: “ಯಾರ ಮನಿ ಅಂತ ಕೇಳಬೇಕ್ರಿ ಮೇಡಂ?”

ದಾನೇಶ್ವರಿ ಎಂದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆ ಮನೆಗಿರುವುದು ಒಂದೇ ಗುರುತು.

“ಸೂಗಮ್ಮನ ಮನಿ ಅಂತ ಕೇಳ್ರಿ,” ಎಂದೆ. “ಕೂಸುಗಳಿಗೆ ಎರಿತಾಳಲ್ಲ, ಆ ಸೂಗಮ್ಮ.”